ಬಲಗೆನ್ನೆಯ ಹೊಳಪು

ಆಪಾ ಅವರ ಬಲಗೆನ್ನೆ ಎಡಗೆನ್ನೆಗಿಂತ ಹೆಚ್ಚು ಹೊಳೆಯುತ್ತಿತ್ತು. ಅರಗು ಹಚ್ಚಿಸಿಕೊಂಡು ಬಂದ ಪ್ರತಿ ಗಿಲಕಿಯನ್ನೂ ಅವರು ಆ ಕೆನ್ನೆಯ ಮೇಲೆ ಒಮ್ಮೆ ಉರುಳಿಸಿ ನೋಡುತ್ತಿದ್ದರು. ಒಂಚೂರು ಚುಚ್ಚಿದರೂ ಅದು ವಾಪಸ್ ಮರ ಕಡೆಯುವ ಲೇತಿಗೆ. “ಕೂಸು ಕಣ್ಣಲ್ಲಿ ನೋಡ್ತದಾ? ಮೊದ್ಲು ಮುಖಕ್ಕೆ ತಿಕ್ಕತದೆ ಕಣಮ್ಮ,” ಎನ್ನುತ್ತಿದ್ದರು. ವರ್ಷಗಟ್ಟಲೆ ಹೀಗೆ ಮಾಡಿ ಕೆನ್ನೆಗೂ ಪಾಲಿಶ್ ಆಗಿಹೋಗಿದೆ ಎಂದು ಕೆಲಸಗಾರರು ನಗುತ್ತಿದ್ದರು.

ಚನ್ನಪಟ್ಟಣದ ಒಂದು ಓಣಿಯಲ್ಲಿ ಅವರದು ಮರದ ಆಟಿಕೆಯ ಕಾರ್ಖಾನೆ. ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವರು ಅವರೇ. ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಹೆದ್ದಾರಿಯುದ್ದಕ್ಕೂ ದೊಡ್ಡ ದೊಡ್ಡ ಶೆಡ್ಡುಗಳು ಏಳುತ್ತಿದ್ದ ವರ್ಷಗಳವು. ಅವುಗಳ ಪಕ್ಕದ ಸಣ್ಣಪುಟ್ಟ ಕಾರ್ಖಾನೆಗಳಿಗೆ ಕಂಪ್ಯೂಟರಿನಲ್ಲಿ ಕೆಲಸದ ವ್ಯವಸ್ಥೆ ಮಾಡಿಕೊಡುವುದು ನನ್ನ ಕಸುಬು. ಮಾಗಡಿಯಿಂದ ರಾಮನಗರಕ್ಕೆ ಒಂದು ಬಸ್ಸು, ಅಲ್ಲಿಂದ ಚನ್ನಪಟ್ಟಣಕ್ಕೆ ಇನ್ನೊಂದು. ಎರಡರಲ್ಲೂ ಸೀಟು ಸಿಕ್ಕಿದ ದಿನ ನನಗೆ ಹಬ್ಬ. ಆಪಾ ಬಳಿ ಆಟಿಕೆ ಕೊಳ್ಳುತ್ತಿದ್ದ ಬೆಂಗಳೂರಿನ ವ್ಯಾಪಾರಿಯೊಬ್ಬರು, ಆರ್ಡರು ಎಲ್ಲಿಯವರೆಗೆ ಬಂದಿದೆ ಎಂದು ಪ್ರತಿ ವಾರ ತಿಳಿಯಬೇಕೆಂದು ಹಟ ಹಿಡಿದಿದ್ದರಿಂದ ಆಪಾ ನನ್ನನ್ನು ಕರೆಸಿದ್ದರು.

ಓದು ಬಾರದವರೂ ಬಳಸುವಂತಿರಬೇಕೆಂದು ನಾನು ಪರದೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳನ್ನು ಇಟ್ಟೆ. ಕಡೆಯುವುದಕ್ಕೆ ಉಳಿ, ಬಣ್ಣಕ್ಕೆ ಅರಗಿನ ಕಡ್ಡಿ, ಮಾಲಿಗೆ ಗಿಲಕಿ. ಕೆಲಸಗಾರರ ಹೆಸರಿನ ಬದಲು ಅವರವರ ಫೋಟೊ. ನಿಮ್ಮ ಪಾಲಿನ ಒಂದು ಬುಟ್ಟಿ ಆಟಿಕೆ ಮುಗಿದರೆ ಪರದೆಯ ಮೇಲೆ ನಿಮ್ಮ ಮುಖ ಒತ್ತಿ, ಅಷ್ಟೇ. ನನಗೋ ಒಳಗೊಳಗೇ ಜಂಬ. ಆಪಾ ಕನ್ನಡಕ ಏರಿಸಿ ನೋಡಿದರು.

“ಏನಮ್ಮ ಕಂಪ್ಯೂಟರಮ್ಮ, ಇದು ಗಿಲಕಿನಾ? ಬದನೆಕಾಯಿ ಇದ್ದಂಗೈತಲ್ಲ!”

ಚಿತ್ರವನ್ನು ಎರಡು ಸಲ ಬದಲಿಸಿದೆ. ಬದನೆಕಾಯಿ ಬದನೆಕಾಯಿಯಾಗಿಯೇ ಉಳಿಯಿತು.

ಆ ಕಾರ್ಖಾನೆಯಲ್ಲಿ ಯಾರೂ ಹೇಳಿಕೊಡದ ಒಂದು ರೂಢಿ ಇತ್ತು. ತನ್ನ ಬುಟ್ಟಿ ಮುಗಿಸಿದವನು ಕೈ ತೊಳೆಯುವ ಮುಂಚೆ ಪಕ್ಕದವನ ಮುಗಿಯದ ಬುಟ್ಟಿಗೆ ಕೈ ಹಾಕುತ್ತಿದ್ದ. ಎಲ್ಲರೂ ಒಟ್ಟಿಗೇ ಮುಗಿಸಿ ಒಟ್ಟಿಗೇ ಏಳುತ್ತಿದ್ದರು. ಹೀಗೆ ಹೆಚ್ಚು ಕೈ ಬೀಳುತ್ತಿದ್ದುದು ಎಲ್ಲರೂ ಚಾಚಾ ಎನ್ನುತ್ತಿದ್ದ ಹಿರಿಯ ಮೇಸ್ತ್ರಿಯ ಬುಟ್ಟಿಗೆ. ಅಲ್ಲಿದ್ದ ಎಲ್ಲರಿಗೂ ಉಳಿ ಹಿಡಿಯಲು ಕಲಿಸಿದವರು ಅವರೇ. ಈಗ ಅವರ ಕೈ ನಡುಗುತ್ತಿತ್ತು.

ಪರದೆಗೆ ಈ ರೂಢಿ ಗೊತ್ತಿಲ್ಲವಲ್ಲ! ಯಾರ ಮುಖಕ್ಕೆ ಎಷ್ಟು ಬುಟ್ಟಿ ಎಂದಷ್ಟೇ ಎಣಿಸಿ, ಹೆಚ್ಚು ಮುಗಿಸಿದವರನ್ನು ಮೇಲೆ ಇಡುತ್ತಿತ್ತು. ಮೊದಲ ವಾರ ಚಾಚಾನ ಫೋಟೊ ಎಲ್ಲರಿಗಿಂತ ಕೆಳಗೆ ಬಂತು. ಎರಡನೇ ವಾರ ನೋಡಿದರೆ ಎಲ್ಲರಿಗಿಂತ ಮೇಲೆ! ವ್ಯಾಪಾರಿಗೆ ಕಳಿಸಿದ ಪಟ್ಟಿಯಲ್ಲೂ ಹಾಗೇ ಹೋಯಿತು. ಅವರಿಂದ ತಕ್ಷಣ ಫೋನು ಬಂತು: ಇಂಥ ಕೈಯನ್ನು ನಾನು ಕಣ್ಣಾರೆ ನೋಡಬೇಕು, ಶುಕ್ರವಾರ ಬರುತ್ತೇನೆ, ಅವರನ್ನು ಲೇತಿನಲ್ಲಿ ಕೂರಿಸಿ.

ನನಗೆ ರೇಗಿತು. ಯಾರು ಇದನ್ನು ಮಾಡಿದ್ದು ಎಂದು ಕೇಳಿದೆ. ಲೇತಿನ ಮುಂದೆ ಕೂತಿದ್ದವನೊಬ್ಬ ತಲೆ ಕೆರೆದುಕೊಂಡ.

“ಅಕ್ಕಾ, ಚಾಚಾನ ಫೋಟೊ ಕೆಳಗೈತೆ ಅಂತ ನಾನು ಒಸಿ ಒತ್ತಿದ್ದು ದಿಟ. ಮಿಕ್ಕೋರೂ ಒತ್ತವ್ರೆ ಅಂತ ನಂಗೇನ್ ಗೊತ್ತು?”

ಎಲ್ಲರದೂ ಅದೇ ಉತ್ತರ. ಪ್ರತಿಯೊಬ್ಬನೂ ತಾನೊಬ್ಬನೇ ಎಂದುಕೊಂಡು ತನ್ನ ಬುಟ್ಟಿಗೆ ಚಾಚಾನ ಮುಖ ಒತ್ತಿದ್ದ. ರೇಗಿದ್ದ ನನಗೆ ನಗು ತಡೆಯಲಾಗಲಿಲ್ಲ. ಚಾಚಾ ಮಾತ್ರ ನಗಲಿಲ್ಲ. “ಬೇಟಿ, ನನ್ನಿಂದ ಆರ್ಡರ್ ಕೈತಪ್ಪೋದು ಬ್ಯಾಡ. ನಾನು ನಾಳೆಯಿಂದ ಬರಾಕಿಲ್ಲ,” ಎಂದು ಆಪಾಗೆ ಹೇಳಿ ಉಳಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದರು.

“ಕಂಪ್ಯೂಟರ್ ತಪ್ಪು ಅಂತ ಹೇಳಿಬಿಡೋಣ ಆಪಾ,” ಎಂದೆ ನಾನು.

“ಅದಕ್ಕೆ ಬಾಯಿಲ್ಲ ಅಂತ ಅದರ ತಲೆ ಮ್ಯಾಲೆ ಹಾಕ್ತೀಯಾ?” ಎಂದರು ಆಪಾ. ಆಮೇಲೆ ಚಾಚಾನ ಕಡೆ ತಿರುಗಿ, “ಉಳಿ ಮಡಗಿ ಚಾಚಾ. ಶುಕ್ರವಾರ ಬನ್ನಿ,” ಎಂದರು.

ಶುಕ್ರವಾರ ವ್ಯಾಪಾರಿ ಬಂದರು. ಆಪಾ ಟೀ ಕೊಟ್ಟು, ಸುತ್ತುಬಳಸದೆ ಎಲ್ಲವನ್ನೂ ಹೇಳಿದರು.

“ಅಂದರೆ ಈ ಪಟ್ಟಿಯೇ ಸುಳ್ಳಾ?” ಎಂದು ವ್ಯಾಪಾರಿ ಲೋಟ ಕೆಳಗಿಟ್ಟರು.

“ಸುಳ್ಳೇಯ. ಮಾಲು ಸುಳ್ಳಲ್ಲ. ಹೇಳಿದ್ ದಿನಕ್ಕೆ ಬತ್ತಾ ಐತಲ್ಲ ನಿಮ್ಗೆ?”

“ಬರ್ತಿದೆ. ಆದ್ರೆ ಕೈ ನಡುಗೋರಿಗೆ ಇಲ್ಲಿ ಏನು ಕೆಲಸ?”

ಆಪಾ, ಬೇರೆ ಯಾರಾದರೂ ಕೂತರೆ ಉಗಿದು ಎಬ್ಬಿಸುತ್ತಿದ್ದ ತಮ್ಮ ಗಿಲಕಿ ಪರೀಕ್ಷೆಯ ಸ್ಟೂಲಿನಿಂದ ಎದ್ದು, ಚಾಚಾನ ತೋಳು ಹಿಡಿದು ಅದರ ಮೇಲೆ ಕೂರಿಸಿದರು. ಒಂದು ಗಿಲಕಿ ಅವರ ಕೈಗೆ ಕೊಟ್ಟರು. “ಇವತ್ತಿಂದ ಕೆನ್ನೆ ನಿಮ್ದು ಚಾಚಾ.”

ಕೈ ನಡುಕಕ್ಕೆ ಗಿಲಕಿ ತಾನಾಗಿಯೇ ಗಿಲಗಿಲ ಎಂದಿತು. ಯಾರೂ ನಗಲಿಲ್ಲ. ಚಾಚಾ ಎರಡೂ ಕೈಯಲ್ಲಿ ಹಿಡಿದು ಕೆನ್ನೆಯ ಮೇಲೆ ನಿಧಾನವಾಗಿ ಉರುಳಿಸಿ, “ನಯವಾಗೈತೆ,” ಎಂದು ಬುಟ್ಟಿಗೆ ಹಾಕಿದರು. ವ್ಯಾಪಾರಿ ಲೋಟ ಎತ್ತಿ ಟೀ ಮುಗಿಸಿ, “ನನಗೆ ಹೇಳಿದ ದಿನ ತಪ್ಪದಿದ್ದರೆ ಸಾಕು,” ಎಂದು ಹೇಳಿ ಕಾರು ಹತ್ತಿದರು. ಆರ್ಡರು ಉಳಿಯಿತು.

ಕಾರು ಓಣಿ ದಾಟಿತೋ ಇಲ್ಲವೋ, ಆಪಾ ನನ್ನ ಮೇಲೆ ಬಿದ್ದರು. “ಆ ಮುಖಗಳನ್ನ ತೆಗೆದಾಕು. ಬುಟ್ಟಿ ಎಲ್ಲೈತೆ ಅಂತ ತೋರ್ಸು. ಯಾರು ನಿಧಾನ ಅಂತ ನಮ್ಗೆ ಗೊತ್ತು, ಆ ಕಂಪ್ಯೂಟರಿಗೆ ಯಾಕೆ?” ನಾನು ವಾದ ಮಾಡುವವಳೇ, ಆದರೆ ಅಂದು ಕಂಪ್ಯೂಟರಿನ ಮುಂದೆ ಕೂತು ಮುಖಗಳನ್ನು ತೆಗೆದೆ. ಅಂದಿನಿಂದ ನಾನು ಮಾಡಿದ ಯಾವ ವ್ಯವಸ್ಥೆಯಲ್ಲೂ ಅವು ಇಲ್ಲ. ಬುಟ್ಟಿ ಎಲ್ಲಿ ನಿಂತಿದೆ ಎಂದು ಮಾತ್ರ ಪರದೆ ತೋರಿಸುತ್ತದೆ. ನೋಡಿದವರು ಅಲ್ಲಿಗೆ ಹೋಗಿ ಕೈ ಹಾಕಬಹುದು. ನಿಧಾನ ಯಾರೆಂದು ಇದರಲ್ಲಿ ಗೊತ್ತಾಗುವುದಿಲ್ಲವೇ ಎಂದು ಹೊಸ ಗಿರಾಕಿಗಳು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ಆಪಾ ಮತ್ತೆ ಆ ಸ್ಟೂಲಿಗೆ ಹೋಗಲಿಲ್ಲ. ಪ್ಯಾಕಿಂಗಿಗೆ ನಿಂತರು. ನೋಡನೋಡುತ್ತ ಅವರ ಎರಡೂ ಕೆನ್ನೆಗಳು ಒಂದೇ ಥರ ಆದವು. ಚಾಚಾ ತೀರಿಹೋದ ಮೇಲೆ ಆ ಜಾಗಕ್ಕೆ ಕಣ್ಣು ಮಂಜಾದ ಇನ್ನೊಬ್ಬರು ಬಂದರು. ಅವರೂ ಹೋದರು. ಅಷ್ಟರಲ್ಲಿ ಪ್ಯಾಕಿಂಗಿನ ದಾರ ಆಪಾ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಕೆಲಸಗಾರರೇ ಸ್ಟೂಲು ಎಳೆದು ತಂದು ಅವರ ಮುಂದೆ ಇಟ್ಟರು.

“ನನ್ನ ಮುದುಕಿ ಅಂತೀರೇನ್ಲಾ?” ಎಂದು ಆಪಾ ಎಲ್ಲರನ್ನೂ ಬೈದರು. ಬೈದು ಕೂತು, ಮೊದಲ ಗಿಲಕಿಯನ್ನು ಕೆನ್ನೆಗೆ ಹಿಡಿದರು.

ಅವರು ತೀರಿಕೊಂಡ ದಿನ ಎರಡು ಬಸ್ಸು ಬದಲಿಸಿ, ಎರಡರಲ್ಲೂ ನಿಂತುಕೊಂಡೇ ಹೋದೆ. ಹೆಂಗಸರು ದಾರಿ ಬಿಟ್ಟು ಆಪಾ ಮುಖ ತೋರಿಸಿದರು. ಬಲಗೆನ್ನೆ ಹೊಳೆಯುತ್ತಿತ್ತು.