ಪೀಠದಲ್ಲಿ ಕೂತವನಿಗೆ ಅಭಿಪ್ರಾಯವಿಲ್ಲ

ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಎತ್ತಿಹಾಕಿದ ಮೇಲೂ ಆ ಹಳೇ ಊರಿನ ಕನ್ನಡ ಸಂಘದ ಅಧ್ಯಕ್ಷಗಿರಿ ನನ್ನ ಕೊರಳಲ್ಲೇ ಉಳಿಯಿತು. ತಿಂಗಳಿಗೊಂದು ಭಾನುವಾರ ಸಂಜೆ ಸಭೆ. ವಿಜಯವಾಡದ ಗವರ್ನರ್‌ಪೇಟೆಯ ರೂಮಿಗೆ ಬೀಗ ಹಾಕಿ ನಸುಕಿಗೇ ರೈಲು ಹಿಡಿಯುತ್ತಿದ್ದೆ. ವಿಶಾಖಪಟ್ಟಣಕ್ಕೆ ಮುಂಚೆ ಸಿಗುವ ಅನಕಾಪಲ್ಲಿ ಬಂತೆಂದರೆ ಸಾಕು, ಇಳಿಯಲು ಇನ್ನೂ ಹೊತ್ತಿದ್ದರೂ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತುಬಿಡುತ್ತಿದ್ದೆ.

ನಾನು ಮದುವೆ ಮಾಡಿಕೊಂಡವನಲ್ಲ. ವಿಜಯವಾಡದಲ್ಲಿ ನನ್ನ ಜೊತೆ ಕನ್ನಡ ಮಾತಾಡುವ ಒಂದು ನರಪಿಳ್ಳೆಯೂ ಇರಲಿಲ್ಲ. ಬ್ಯಾಂಕಿನಲ್ಲಿ ತೆಲುಗು, ಮೆಸ್ಸಿನಲ್ಲಿ ತೆಲುಗು, ರೂಮಿನಲ್ಲಿ ಮೌನ. ಆ ಒಂದು ಭಾನುವಾರ ಮಾತ್ರ ಬಾಯಿತುಂಬ ಕನ್ನಡ. ಆದರೆ ಇದನ್ನೆಲ್ಲ ಹೇಳಿಕೊಳ್ಳುವ ಜಾಯಮಾನ ನನ್ನದಲ್ಲ. "ಪ್ರಯಾಣ ಹೇಗಾಯ್ತು ಸಾರ್?" ಎಂದು ಯಾರಾದರೂ ಕೇಳಿದರೆ, "ಸೊಂಟ ಬಿದ್ದುಹೋಯ್ತು ಮಾರಾಯ್ರೆ, ಯಾರಿಗೆ ಬೇಕಿತ್ತು ಈ ಪಜೀತಿ" ಎಂದು ಗೊಣಗುವುದೇ ನನಗೆ ಅಭ್ಯಾಸ.

ಸಭೆ ಮಾತ್ರ ಕಟ್ಟುನಿಟ್ಟು. ಮೊದಮೊದಲು ಅಲ್ಲಿ ಸಂತೆ ಸೇರಿದ ಹಾಗಿತ್ತು. ಬಂದರಿನ ನೌಕರರು, ಔಷಧ ಕಂಪನಿಯವರು, ಎಲ್ಲರೂ ಒಟ್ಟಿಗೆ ಮಾತಾಡೋರು. ಒಬ್ಬೊಬ್ಬರೇ ಎದ್ದು ಮಾತಾಡಬೇಕು, ಅಧ್ಯಕ್ಷನಾದವನು ಎಲ್ಲರ ಮಾತು ಕೇಳಬೇಕು, ತನ್ನ ಅಭಿಪ್ರಾಯ ಬಾಯಿಬಿಟ್ಟು ಹೇಳಕೂಡದು, ಮತ ಸಮಸಮ ಬಿದ್ದರೆ ಮಾತ್ರ ಅವನ ಕೈ ಏಳಬೇಕು ಎಂದು ಅವರಿಗೆ ಕಲಿಸಿದವನು ನಾನೇ.

ಆ ಜನವರಿಯ ಸಭೆಯಲ್ಲಿ ಕಾರ್ಯದರ್ಶಿ ಎದ್ದು ನಿಂತಳು. ದಾವಣಗೆರೆ ಕಡೆಯ ಹುಡುಗಿ, ಆಸ್ಪತ್ರೆಯಲ್ಲಿ ಕೆಲಸ, ನನ್ನನ್ನು ಕಂಡರೆ ಬಹಳ ಅಕ್ಕರೆ.

"ಸಾರ್ ಪಾಪ, ನಮಗೋಸ್ಕರ ಅಷ್ಟು ದೂರದಿಂದ ಬರ್ತಾರೆ. ಸೊಂಟನೋವು ಬೇರೆ. ಪ್ರತಿ ತಿಂಗಳು ಸಭೆ ಬೇಡ. ವರ್ಷಕ್ಕೊಂದು ಸಲ ರಾಜ್ಯೋತ್ಸವಕ್ಕೆ ಸೇರೋಣ. ನಾವು ಮನೇಲಿ ಹೇಗೂ ಕನ್ನಡ ಮಾತಾಡ್ತೀವಲ್ಲ."

ಬೇಡ ಕಣಮ್ಮ ಎನ್ನಬೇಕೆಂದರೆ, ಹಾಳು ನಿಯಮ ನಾನೇ ಹಾಕಿದ್ದು. "ಪರವಾಗಿ ಮಾತಾಡುವವರು?" ಎಂದು ಕೇಳಿದೆ. ಮೂರ್ನಾಲ್ಕು ಜನ ಒಬ್ಬರಾದ ಮೇಲೊಬ್ಬರು ಎದ್ದು, ಶಿಸ್ತಾಗಿ, ನನ್ನ ಸೊಂಟದ ಬಗ್ಗೆ ಮಾತಾಡಿದರು.

"ವಿರೋಧವಾಗಿ?"

ಹಿಂದಿನ ಸಾಲಿನಲ್ಲಿ ರಿಟೈರಾದ ಯಜಮಾನರೊಬ್ಬರು ಕೈ ಎತ್ತಿದರು. ನನಗೆ ಹೋದ ಜೀವ ಬಂದಂತಾಯಿತು.

"ಕಾಫಿ ಈಗಲೋ, ಸಭೆ ಮುಗಿದ ಮೇಲೋ?" ಎಂದರು.

"ಮುಗಿದ ಮೇಲೆ" ಎಂದೆ. ವಿರೋಧ ಇದೆಯೇ ಎಂದು ಇನ್ನೊಮ್ಮೆ ಕೇಳಿದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾದೆ. ಯಾರಾದರೂ ಒಬ್ಬರು, ಸುಮ್ಮನೆ ತಕರಾರಿಗಾದರೂ ಏಳಬಾರದೇ ಅನ್ನಿಸಿತು. ಎಲ್ಲರೂ ನನ್ನತ್ತ ಪ್ರೀತಿಯಿಂದ ನೋಡುತ್ತ ಕೂತಿದ್ದರು. "ಸರ್ವಾನುಮತದಿಂದ ಅಂಗೀಕಾರವಾಗಿದೆ" ಎಂದು ಘೋಷಿಸಿದೆ. ಚಪ್ಪಾಳೆ ತಟ್ಟಿದರು.

ಸಭೆಯ ಕೊನೆಗೆ ನಾನು ಯಾವಾಗಲೂ ಕೇಳುವ ಪ್ರಶ್ನೆಯೊಂದಿತ್ತು. ರೂಢಿಯ ಬಲ, ಅವತ್ತೂ ಬಾಯಿಗೆ ಬಂದುಬಿಟ್ಟಿತು: "ಹಾಗಾದ್ರೆ ಮುಂದಿನ ಸಭೆ ಯಾವತ್ತು ಇಟ್ಟುಕೊಳ್ಳೋಣ?"

ಎಲ್ಲರೂ ಗೊಳ್ಳೆಂದು ನಕ್ಕರು. "ನವೆಂಬರ್‌ಗೆ ಸಾರ್, ಅಲ್ಲೀವರೆಗೆ ಹಾಯಾಗಿರಿ" ಎಂದಳು ಹುಡುಗಿ.

ಆಗಿನ್ನೂ ಸಂಕ್ರಾಂತಿ ಕೂಡ ಬಂದಿರಲಿಲ್ಲ.