ಬೋರ್ಡಿನ ಕೆಳಗಿನ ರೊಟ್ಟಿ

ಇಂದು ಬೆಳಿಗ್ಗೆ ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕಲಕೋಟ ಗಾಡಿಯ ಕಂಡಕ್ಟರ್ ನನ್ನ ಕೈಗಿಟ್ಟ ಗಂಟು ಬೆಚ್ಚಗಿತ್ತು. ಸುನಂದಾ ಕಳಿಸುವ ಗಂಟುಗಳನ್ನು ನಾನು ವರ್ಷಗಳಿಂದ ಇಳಿಸಿಕೊಳ್ಳುತ್ತ ಬಂದವಳು. ಅವು ಹಗುರವಾಗಿರುತ್ತವೆ, ಅಲುಗಿಸಿದರೆ ಒಣ ಎಲೆಯ ಹಾಗೆ ಸದ್ದು ಮಾಡುತ್ತವೆ. ಬೆಚ್ಚಗಂತೂ ಎಂದೂ ಇರುವುದಿಲ್ಲ, ಏಕೆಂದರೆ ಅವಳು ಮಾರುವುದು ಕಡಕ್ ರೊಟ್ಟಿ. ಗಂಟು ಬದಲಾಗಿದೆಯೇನೋ ಎಂದು ಕಂಡಕ್ಟರನನ್ನು ಕೇಳಿದೆ.

"ನಿಮ್ಮ ಮನೀ ಹೆಸರ ಹೇಳ್ಯಾರ್ರಿ ಬಾಯಾರ. ಲಗೂ ಒಯ್ರಿ, ಆರ್ತಾವಂತ," ಎಂದು ಅವನು ಚಹಾದ ಅಂಗಡಿಯ ಕಡೆ ನಡೆದುಬಿಟ್ಟ.

ಆಟೋದಲ್ಲಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಅರಿವೆಯೊಳಗಿಂದ ಆಗಷ್ಟೇ ಹಂಚಿನಿಂದ ಇಳಿದ ಜೋಳದ ವಾಸನೆ ಬರುತ್ತಿತ್ತು. ಆ ವಾಸನೆಗೆ ನಾನು ಎಂದಿನಿಂದಲೂ ಸೋತವಳು. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅಕ್ಕಲಕೋಟಕ್ಕೆ ಹೋಗಿ ಬಂದಿದ್ದೆ.

ಈ ಕಡೆಯ ಬಳಕೆ ಇಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಜೋಳದ ರೊಟ್ಟಿಯಲ್ಲಿ ನಮ್ಮಲ್ಲಿ ಎರಡು ಜಾತಿ. ಮೆತ್ತಗಿನದನ್ನು ಬಿಸಿಯಿರುವಾಗಲೇ ತಿನ್ನಬೇಕು, ಸಂಜೆಗೆ ಅದರ ಮುಖ ನೋಡುವಂತಿಲ್ಲ. ಕಡಕ್ ರೊಟ್ಟಿಯನ್ನು ಎಳ್ಳು ಹಚ್ಚಿ ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ಒರಗಿಸಿ ಹಪ್ಪಳದಂತೆ ಒಣಗಿಸುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ನನಗೆ ಎರಡೂ ಬರುವುದಿಲ್ಲ. ಮದುವೆಯಾಗಿ ಈ ಟವೆಲ್ ಅಂಗಡಿಯವರ ಮನೆಗೆ ಬಂದಾಗ ನಾನು ಬಡಿದ ಮೊದಲ ರೊಟ್ಟಿಯನ್ನು ನಮ್ಮ ಮನೆಯವರು ಎತ್ತಿ ಹಿಡಿದು, "ಇದು ಯಾವ ಜಿಲ್ಲಾ?" ಎಂದು ಕೇಳಿದ್ದರು. ಮಕ್ಕಳು ದೊಡ್ಡವರಾದರೂ ನನ್ನ ರೊಟ್ಟಿಯ ಗಡಿ ಇನ್ನೂ ತಂಟೆಯಲ್ಲೇ ಇದೆ.

ನನಗೆ ರೊಟ್ಟಿ ಕಲಿಸಲು ಹೋಗಿ ಸೋತವಳು ನನ್ನ ಸೋದರತ್ತೆ, ಗೌರತ್ತೆ. ಅಕ್ಕಲಕೋಟದ ನನ್ನ ತವರಿನಲ್ಲಿ ಅಡುಗೆಮನೆ ಅವಳದೇ ರಾಜ್ಯ. ಸುಗ್ಗಿ ಮುಗಿದಾಗ ಹಿತ್ತಲಿನಲ್ಲಿ ಜೋಳದ ರಾಶಿ ಬೀಳುತ್ತಿತ್ತು. ಅದನ್ನು ಹಸನು ಮಾಡಲು ಊರ ಹೊರಗಿನ ಓಣಿಯಿಂದ ತಾಯವ್ವ ಬರುತ್ತಿದ್ದಳು. ಮೊರ ಹಿಡಿದು ಅವಳು ಗಾಳಿಗೆ ಬೆನ್ನು ಕೊಟ್ಟು ನಿಂತಳೆಂದರೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಅವಳ ಮಗಳೇ ಸುನಂದಾ. ಆಗ ಇನ್ನೂ ಅವ್ವನ ಸೆರಗು ಹಿಡಿದು ಮೂಗು ಸೋರಿಸುತ್ತಿದ್ದ ಕೂಸು.

ತಾಯವ್ವ ಕೇರಿದ ಜೋಳ ನೇರವಾಗಿ ಒಳಗೆ ಬಂದು ಕಣಜ ಸೇರುತ್ತಿತ್ತು. ಅವಳಿಗೆ ಮಾತ್ರ ಹಿತ್ತಲ ಬಾಗಿಲಿನಿಂದ ಈಚೆ ದಾರಿಯಿರಲಿಲ್ಲ. ಕುಡಿಯಲು ನೀರನ್ನೂ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಒಮ್ಮೆ ನಾನು ಅತ್ತೆಯನ್ನು ಕೇಳಿದೆ: "ತಾಯವ್ವ ಮುಟ್ಟಿದ ಜ್ವಾಳ ನಡೀತೈತಿ, ತಾಯವ್ವ ಮಾಡಿದ ರೊಟ್ಟಿ ಯಾಕ ನಡಿಯಂಗಿಲ್ಲ?"

"ಕಾಳಿಗಿ ಮೈಲಿಗಿ ಇಲ್ಲ," ಎಂದಳು ಅತ್ತೆ. "ಹಿಟ್ಟಿಗಿ ನೀರ ಬಿತ್ತಂದ್ರ ಬಂತು."

ಬಿತ್ತಿದ್ದು ತಾಯವ್ವನ ಓಣಿಯವರು, ಕೊಯ್ದದ್ದು ಅವರು, ತೂರಿದ್ದು ಅವರು. ಎಲ್ಲ ಸರಿ. ನೀರಿನ ಒಂದು ಹನಿ ಬಿದ್ದ ಮೇಲೆ ಕಾಯ್ದೆ ಬೇರೆ. ಎಷ್ಟು ಅನುಕೂಲದ ಕಾಯ್ದೆ ಅಲ್ಲವೇ?

ಸುನಂದಾ ದೊಡ್ಡವಳಾಗಿ, ಮದುವೆಯಾಗಿ, ಸೊಲ್ಲಾಪುರದಲ್ಲಿ ಯಾರದೋ ರೊಟ್ಟಿ ಕೇಂದ್ರದಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಬಜಾರಿನಲ್ಲಿ ಸಿಕ್ಕಾಗಲೆಲ್ಲ ಮಾತನಾಡಿಸುತ್ತಿದ್ದಳು. "ಅಕ್ಕಾರ, ನಿಮ್ಮ ಮನ್ಯಾಗ ತಿನ್ನೂ ಪ್ಯಾಕೆಟ್ ಯಾವ್ದು?" ಎಂದು ಒಮ್ಮೆ ಕೇಳಿದಳು. ನಾನು ಹೆಸರು ಹೇಳಿದೆ. ಅವಳು ರಸ್ತೆಯಲ್ಲೇ ಬಿದ್ದು ಬಿದ್ದು ನಕ್ಕಳು. "ಅವು ನನ್ನ ಕೈಯಾವರಿ! ಹೆಸರಷ್ಟ ಅವರದು. ಕೈ ಕಾಣಲಾರದಕ್ಕ ಎಲ್ಲಾರ ಮನ್ಯಾಗೂ ನಡ್ದಾವ ನೋಡ್ರಿ."

ದಲಿತ ಹೆಣ್ಣುಮಕ್ಕಳು ಸ್ವಂತ ಉದ್ಯೋಗ ಹೂಡಲು ಸರ್ಕಾರ ಒಂದು ಯೋಜನೆ ತಂದಿದೆ ಎಂಬುದು ಅವಳ ಕಿವಿಗೆ ಬಿದ್ದದ್ದು ಅದಾದ ಮೇಲೆ. ಮೊದಲು ತಾಲೂಕಿನಲ್ಲಿ ತರಬೇತಿ. ಆಮೇಲೆ ಹೊಲ, ಮನೆ ಅಡ ಇಡದೆ ಬ್ಯಾಂಕಿನಿಂದ ಸಾಲ, ಅದರಲ್ಲಿ ಒಂದು ಪಾಲು ಸರ್ಕಾರವೇ ತುಂಬುವುದು. ಹಿಟ್ಟು ನಾದುವ ಯಂತ್ರ. ಅಕ್ಕಲಕೋಟ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ. ಓಡಾಡಿದಳು, ಚಪ್ಪಲಿ ಸವೆಸಿದಳು, ಪಡೆದಳು. ಯಾರೋ "ನಿಮಗೇನವ್ವ, ಪುಕಟ ಸಿಗ್ತೈತಿ," ಎಂದಾಗ ಅವಳು ಕೊಟ್ಟ ಉತ್ತರ ಊರೆಲ್ಲ ತಿರುಗಿತು: "ಪುಕಟ ಅಲ್ರಿ, ತಡಾ ಮಾಡಿ ಕೊಟ್ಟಾರ."

ಯೋಜನೆಗೆ ಒಂದು ನಿಯಮವಿತ್ತು. ಅಂಗಡಿಯ ಮುಂದೆ ಯಾವ ಇಲಾಖೆಯ ಯಾವ ನೆರವಿನಿಂದ ಇದು ನಡೆದಿದೆ ಎಂಬ ಬೋರ್ಡು ಇರಬೇಕು. ಉದ್ಘಾಟನೆಯ ದಿನ ಜಿಲ್ಲೆಯಿಂದ ಬಂದ ತರುಣಿ ಅಧಿಕಾರಿ ಮಾಲೆ, ಪೇಢೆ ಯಾವುದನ್ನೂ ನೋಡದೆ, "ಬೋರ್ಡ್ ದಿಸಲಾ ಪಾಹಿಜೆ, ತಾಯಿ," ಎಂದಳು. ಬೋರ್ಡು ಕಾಣಬೇಕು. ಪೇಂಟರ್ ಹುಮ್ಮಸ್ಸಿನಲ್ಲಿ ಅದನ್ನು ಎಷ್ಟು ಕಾಣುವಂತೆ ಮಾಡಿದ್ದನೆಂದರೆ, ಅದು ಮಳಿಗೆಯ ಬಾಗಿಲಿಗಿಂತ ಅಗಲವಾಗಿತ್ತು. ಇಲಾಖೆಯ ಹೆಸರು ಆನೆಯಷ್ಟು, ಯೋಜನೆಯ ಹೆಸರು ಎತ್ತಿನಷ್ಟು, ಮೂಲೆಯಲ್ಲಿ 'ಸುನಂದಾ ರೊಟ್ಟಿ ಕೇಂದ್ರ' ಇರುವೆಯಷ್ಟು. ಅದನ್ನು ಓದಿದವರಿಗೆ ಅವಳ ಹೆಸರು ತಿಳಿಯದಿದ್ದರೂ ಅವಳ ಓಣಿ ತಿಳಿಯುತ್ತಿತ್ತು. ಸೊಲ್ಲಾಪುರದಲ್ಲಿ ಕಾಣದಿದ್ದ ಕೈ ಇಲ್ಲಿ ಕಾಣತೊಡಗಿತು.

ಆಗ ಅವಳು ಮಾಡುತ್ತಿದ್ದದ್ದು ಮೆತ್ತಗಿನ ರೊಟ್ಟಿ. ಊರಿನ ಸ್ವಾಮಿಗಳ ಮಠಕ್ಕೆ ದರ್ಶನಕ್ಕೆಂದು ಬರುವ ಯಾತ್ರಿಕರು ಊಟ ಮಾಡುವ ಖಾನಾವಳಿಗಳಿಗೆ ಕೊಡಬೇಕೆಂದು ಲೆಕ್ಕ. ಎಲ್ಲಕ್ಕಿಂತ ದೊಡ್ಡ ಖಾನಾವಳಿ ಮಲ್ಲಪ್ಪ ಸಾವಕಾರರದು. ಅವರು ಮೊದಲ ದಿನವೇ ಬಂದರು, ಒಂದು ರೊಟ್ಟಿ ಮುರಿದು ತಿಂದರು, ತಲೆದೂಗಿದರು. ನಾನು ತವರಿಗೆ ಹೋದವಳು ಅಲ್ಲೇ ಅಂಗಡಿಯ ಮುಂದಿನ ಬಾಂಕಿನ ಮೇಲೆ, ಎಂದರೆ ಬೆಂಚಿನ ಮೇಲೆ, ಕುಳಿತಿದ್ದೆ.

"ರೊಟ್ಟಿ ಚಲೋ ಅದಾವ. ಎಲ್ಲಾ ನಾನಽ ಒಯ್ತೀನಿ, ದಿನಾ ಒಯ್ತೀನಿ," ಎಂದರು. "ಬೋರ್ಡ್ ಅಷ್ಟ ಒಳಗ ಇಟ್ಬಿಡು. ಸಾಹೇಬ್ರು ಬಂದಾಗ ಹೊರಗ ಹಾಕು."

"ಯಾಕ್ರಿ ಸಾವಕಾರ್ರ?"

"ನನಗೇನಿಲ್ಲವಾ. ನಾ ಈಗ ತಿಂದಿಲ್ಲೇನು? ಗಿರಾಕಿ ಕೇಳ್ತಾರ. ಸರ್ಕಾರದ್ದು ತಗೊಂಡೀ ಅಂತ ಊರಿಗೆಲ್ಲಾ ಡಂಗುರ ಯಾಕ?"

"ನಿಮ್ಮ ಖಾನಾವಳಿ ಜಾಗಾ ನಿಮ್ಮ ಮುತ್ತ್ಯಾಗ ಸಂಸ್ಥಾನದವ್ರು ಕೊಟ್ಟಿದ್ದಲ್ರಿ?" ಸುನಂದಾ ರೊಟ್ಟಿ ತಿರುವಿ ಹಾಕುತ್ತಲೇ ಕೇಳಿದಳು. "ಅವಾಗ ಬೋರ್ಡ್ ಹಾಕೂ ಪದ್ಧತಿ ಇದ್ದಿಲ್ಲ, ಅಷ್ಟ."

ಸಾವಕಾರರು ಸಿಟ್ಟಿನವರಲ್ಲ. ನಕ್ಕರು, ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡರು, ಹೋದರು. ರೊಟ್ಟಿ ಮಾತ್ರ ಒಯ್ಯಲಿಲ್ಲ. ಅವರು ಒಯ್ಯದ್ದನ್ನು ಉಳಿದ ಖಾನಾವಳಿಯವರೂ ಒಯ್ಯಲಿಲ್ಲ. ಸಂಜೆಗೆ ಬುಟ್ಟಿ ಬುಟ್ಟಿ ರೊಟ್ಟಿ ಅವಳ ಓಣಿಯ ಎಮ್ಮೆಗಳ ಪಾಲಾದವು. ಮರುದಿನವೂ ಅದೇ. ಸುನಂದಾಳ ಗಂಡ ರಮಿಸಿ ಹೇಳಿದ, ಅವನ ಅವ್ವ ಬೈದು ಹೇಳಿದಳು. ಬೋರ್ಡು ತೆಗೆ, ಹೊಟ್ಟೆ ನೋಡು. ಯಂತ್ರ ಬಂದಿತ್ತು, ಕಂತು ಶುರುವಾಗಲಿತ್ತು, ನಂಬಿ ಕೆಲಸಕ್ಕೆ ಬಂದ ಓಣಿಯ ಹೆಂಗಸರಿದ್ದರು. ಬೋರ್ಡು ಇಟ್ಟುಕೊಂಡರೆ ಅಂಗಡಿ ಉಳಿಯುತ್ತದೆಯೇ ಎಂಬುದೊಂದೇ ಈಗ ಪ್ರಶ್ನೆ.

ಮೂರನೆಯ ದಿನ ನಾನು ಹೋದಾಗ ಅವಳು ಹಿಟ್ಟಿಗೆ ಎಳ್ಳು ಬೆರೆಸುತ್ತಿದ್ದಳು. ಗೋಡೆಗುಂಟ ತೆಳ್ಳನೆಯ ರೊಟ್ಟಿಗಳು ಒರಗಿ ನಿಂತಿದ್ದವು.

"ಮೆತ್ತಗಿನ ರೊಟ್ಟಿ ಮಾಡೂದು ಬಂದ್ ಮಾಡೀನ್ರಿ ಅಕ್ಕಾರ," ಎಂದಳು. "ಅವು ಸಂಜಿಮಟಾನೂ ದಾರಿ ನೋಡಂಗಿಲ್ಲ. ಅದಕ್ಕ ಮಾರಾವ ಬಗ್ಗಬೇಕಾಗ್ತೈತಿ. ಕಡಕ್ ರೊಟ್ಟಿಗಿ ಏನ ಅವಸರ? ನಾನೂ ಕುಂಡ್ರತೀನಿ, ಅವೂ ಕುಂಡ್ರತಾವ. ಯಾರು ಮೊದಲ ಏಳ್ತಾರ ನೋಡೂಣು."

ಮೊದಲು ಎದ್ದು ಬಂದವರು ಯಾರೂ ನೆನೆಸದವರು. ಬಸ್ಸಿಳಿದ ಹಳ್ಳಿಯವರು ಆನೆಯಷ್ಟು ದೊಡ್ಡ ಇಲಾಖೆಯ ಹೆಸರು ನೋಡಿ ಇದೇ ಸರ್ಕಾರಿ ಆಫೀಸು ಎಂದು ತಿಳಿದರು! ಆಧಾರಿನ ಝೆರಾಕ್ಸು, ರೇಶನ್ ಕಾರ್ಡು ಹಿಡಿದು ಬಂದು ಬಾಂಕಿನ ಮೇಲೆ ಸಾಲಾಗಿ ಕುಳಿತರು. "ಸಾಹೇಬ್ರು ಬಂದಾರೇನ್ರಿ?"

"ಸಾಹೇಬ್ರು ನಾನಽ. ಏನಾಗಬೇಕಿತ್ತು?"

"ನಮ್ಮ ಪಗಾರ ಬಂದಿಲ್ಲರಿ ಬಾಯಿ." ವೃದ್ಧಾಪ್ಯದ ಪಿಂಚಣಿಗೆ ನಮ್ಮ ಹಳ್ಳಿಗಳಲ್ಲಿ ಪಗಾರ ಎಂದೇ ಹೆಸರು.

ತಹಸೀಲ್ ಕಚೇರಿಗೆ ದಾರಿ ಯಾವುದು, ಯಾವ ಖಿಡಕಿಯಲ್ಲಿ ಯಾರಿರುತ್ತಾರೆ, ಯಾರು ಊಟದ ನಂತರ ಸಿಗುವುದಿಲ್ಲ ಎಂಬುದು ಓಡಾಡಿ ಓಡಾಡಿ ಸುನಂದಾಳಿಗೆ ಬಾಯಿಪಾಠವಾಗಿತ್ತು. ಹೇಳಿ ಕಳಿಸುತ್ತಿದ್ದಳು. ಬಿಸಿಲಲ್ಲಿ ಬಂದವರಿಗೆ ನೀರು ಕೊಡುತ್ತಿದ್ದಳು, ಜೊತೆಗೆ ಮುರಿದ ರೊಟ್ಟಿಯ ಚೂರಿನ ಮೇಲೆ ಚಿಟಿಕೆ ಶೇಂಗಾ ಚಟ್ನಿ. ಕೆಲಸ ಮುಗಿಸಿ ಊರಿಗೆ ಹೊರಟವರು ಬಸ್ಸು ಹತ್ತುವ ಮುಂಚೆ ಮತ್ತೆ ಬಂದು ಒಂದೊಂದು ಕಟ್ಟು ಒಯ್ಯತೊಡಗಿದರು. ನೀರು ಕುಡಿದ ಮೇಲೆ, ಚೂರು ತಿಂದ ಮೇಲೆ ಇನ್ನೇನು ಕೇಳುವುದು? ಹಳ್ಳಿಗಳಿಂದ ಮದುವೆಯ ಆರ್ಡರು ಬಂತು. ಯಾತ್ರಿಕರು ಪ್ರಸಾದದ ಪಕ್ಕ ಕಟ್ಟಿಕೊಂಡು ಹೋದರು. ಬೋರ್ಡು ಗಿರಾಕಿಯನ್ನು ಓಡಿಸುತ್ತದೆ ಎಂದಿದ್ದರಲ್ಲ, ಬೋರ್ಡೇ ಗಿರಾಕಿಯನ್ನು ಕೈಹಿಡಿದು ಕರೆತಂದಿತ್ತು. ಪೇಂಟರ್ ಮತ್ತೆ ಬಂದು, "ನಿಮ್ಮ ಹೆಸರು ದೊಡ್ಡದು ಮಾಡಿ ಬರೀಲೇನ್ರಿ?" ಎಂದಾಗ ಅವಳು, "ಬ್ಯಾಡೋ ಮಾರಾಯಾ, ಗಿರಾಕಿ ಕಡಿಮಿ ಆದಾವು," ಎಂದಳಂತೆ. ಈಗ ಮಲ್ಲಪ್ಪ ಸಾವಕಾರರ ಗಲ್ಲಾಪೆಟ್ಟಿಗೆಯ ಮೇಲೂ ಅವಳ ಕಟ್ಟುಗಳಿವೆ. ತರಲು ಅವರೇ ಹೋಗುತ್ತಾರೆ, ಬೋರ್ಡಿನ ಕೆಳಗೇ ನಿಲ್ಲುತ್ತಾರೆ.

ಗೌರತ್ತೆಯ ಕಥೆ ಮಾತ್ರ ಬೇರೆ. ನಾನು ಒಂದು ಕಟ್ಟನ್ನು ತವರಿಗೆ ಒಯ್ದು ಅವಳ ಮುಂದೆ ಇಟ್ಟು, ಯಾರು ಮಾಡಿದ್ದು ಎಂಬುದನ್ನೂ ಹೇಳಿದೆ. ಅತ್ತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದಳು. ಸದ್ದು ಕೇಳಿದಳು. ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟಳು: "ಇದರಾಗ ನೀರಿನ ಅಂಶ ಎಲ್ಲೈತಿ? ಎಲ್ಲಾ ಆರಿ ಹೋಗೇತಿ. ಕಾಳಿದ್ದಂಗ ಇದು. ನಡೀತೈತಿ." ಅಂದಿನಿಂದ ತಿನ್ನತೊಡಗಿದಳು. ಅಂಗಡಿಯ ಕಡೆ ಮಾತ್ರ ಹಣಿಕಿ ಹಾಕಲಿಲ್ಲ.

ನಾನು ನಗುತ್ತ ಸುನಂದಾಳಿಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ. "ನಮ್ಮವ್ವ ನಿಮ್ಮ ಹಿತ್ತಲದಾಗ ಜನ್ಮ ಕಳದಳು ಅಕ್ಕಾರ. ಕಾಳ ಅಂತ ತಿಂದ್ರ ನನಗ ಸಮಾಧಾನ ಇಲ್ಲ. ರೊಟ್ಟಿ ಅಂತ ತಿನ್ಬೇಕು. ತಿಂತಾರ, ಅವಸರ ಇಲ್ಲ," ಎಂದಳು.

ಆಟೋ ಮನೆಯ ಮುಂದೆ ನಿಂತಿತು. ನಮ್ಮ ಪಡಸಾಲೆಯ ಕುರ್ಚಿಯಲ್ಲಿ ಗೌರತ್ತೆ ಬಾಗಿಲು ನೋಡುತ್ತ ಕುಳಿತಿದ್ದಳು. ಕವಳಿ, ಎಂದರೆ ಕಟ್ಟುಹಲ್ಲಿನ ಸೆಟ್ಟು, ಕೂಡಿಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದಾಳೆ. ಡಾಕ್ಟರು ಅಳಿದುಳಿದ ಹಲ್ಲೆಲ್ಲ ಕಿತ್ತು, ಒಸಡು ಮಾಗಲಿ ಎಂದಿದ್ದಾರೆ. ಅಲ್ಲಿಯತನಕ ಕಡಕ್ ರೊಟ್ಟಿ ಕನಸಿನ ಮಾತು. ನನ್ನ ಕೈಯ ಮೆತ್ತಗಿನ ರೊಟ್ಟಿಯನ್ನು ಎರಡು ದಿನ ಹಾಲಿನಲ್ಲಿ ಅದ್ದಿ ನೋಡಿ, ಹಾಲನ್ನಷ್ಟೇ ಕುಡಿದಿದ್ದಳು.

"ಬಂತೇನು?" ಎಂದಳು. ಆಗ ತಿಳಿಯಿತು. ನನಗೆ ಹೇಳದೆ ತಾನೇ ಫೋನು ಮಾಡಿಸಿ ಸುನಂದಾಳಿಗೆ ಮೆತ್ತಗಿನ ರೊಟ್ಟಿ ಹೇಳಿದ್ದಾಳೆ.

ಗಂಟು ಬಿಚ್ಚಿ ತಟ್ಟೆಯಲ್ಲಿಟ್ಟೆ. ಅತ್ತೆ ತುಣುಕು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನನಗೆ ಸುಮ್ಮನಿರಲಾಗಲಿಲ್ಲ. "ಅತ್ತಿ, ಇದು ಮೆತ್ತಗೈತಿ. ನೀರ ಆರಿಲ್ಲಲ್ಲ?"

"ನಿನ್ನ ರೊಟ್ಟಿಗೂ ನೀರ ಹಾಕಿದ್ದಿ," ಎಂದಳು, ಕಣ್ಣು ತೆರೆಯದೆ. "ಏನ ಉಪಯೋಗಾತು?"

ತಿಂದು ಮುಗಿಸಿ ಫೋನು ಹಚ್ಚಲು ಹೇಳಿದಳು. ಸುನಂದಾಳ ದನಿ ಪಡಸಾಲೆಯ ತುಂಬ ಕೇಳಿತು. "ಹೆಂಗಾಗಿದ್ವು ಅತ್ತ್ಯಾರ?"

"ಚಲೋ ಆಗಿದ್ವು. ಸ್ವಲ್ಪ ಆರಿದ್ವು. ನಾಳಿಗೂ ಕಳಸವಾ."

"ಇಲ್ರಿ, ಕಳಸಂಗಿಲ್ಲ. ಮೆತ್ತಗಿನ ರೊಟ್ಟಿ ಬಸ್ಸಿನ್ಯಾಗ ಕುಂಡ್ರಾವಲ್ಲ. ಊರಿಗಿ ಬರ್ರಿ, ಹಂಚಿನ ಮ್ಯಾಲಿಂದ ಒಂದೊಂದ ಹಾಕ್ತೀನಿ, ಅಲ್ಲೇ ಕುಂತು ತಿನ್ರಿ."

ಅತ್ತೆ ಸೆರಗಿನ ತುದಿಯನ್ನು ಮಡಿಚಿದಳು, ಬಿಚ್ಚಿದಳು. ಫೋನಿನಲ್ಲಿ ಹಿಟ್ಟು ಬಡಿಯುವ ಸದ್ದು ಕೇಳುತ್ತಲೇ ಇತ್ತು. ಸುನಂದಾ ಕೈ ನಿಲ್ಲಿಸಿರಲಿಲ್ಲ.

"ಎಲ್ಲಿ ಕುಂಡ್ರಲಿ?" ಎಂದಳು ಅತ್ತೆ ಕೊನೆಗೆ.

"ಬಾಂಕ ಐತಲ್ರಿ. ಬೋರ್ಡಿನ ಕೆಳಗ."

"ಬಿಸಲ ಬರ್ತಿರಬೇಕು ಅಲ್ಲಿ."

"ಇಲ್ಲ ಬಿಡ್ರಿ. ಅಷ್ಟ ದೊಡ್ಡ ಬೋರ್ಡ್ ಐತಿ, ದಿನಾ ಪೂರ್ತಿ ನೆರಳಽ."

ಫೋನು ಇಟ್ಟ ಅತ್ತೆ ನಾಳೆ ಅಕ್ಕಲಕೋಟಕ್ಕೆ ಬೆಳಗಿನ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಒಸಡು ಊರಲ್ಲೂ ಮಾಗುತ್ತದೆಯಂತೆ. ನಾನು ಗಂಟಿನ ಅರಿವೆಯನ್ನು ಮಡಿಚತೊಡಗಿದೆ. ತುಂಬಿ ಬಂದ ಅರಿವೆಯನ್ನು ನಮ್ಮಲ್ಲಿ ಬರಿದಾಗಿ ತಿರುಗಿ ಕೊಡುವುದಿಲ್ಲ. ಕಾಳಿನ ಡಬ್ಬಿ ತೆಗೆದು ಒಂದು ಸೇರು ಜೋಳ ಸುರಿಯಹೋದೆ.

"ಕಾಳ ಬ್ಯಾಡ," ಎಂದಳು ಅತ್ತೆ. "ಒಲಿ ಮ್ಯಾಲ ಮಾಡಿದ್ದು ಏನರೆ ಕಟ್ಟು."

ಡಬ್ಬಿ ಮುಚ್ಚಿ, ಒಲೆ ಹಚ್ಚಿ, ಬೆಲ್ಲ ಕುಟ್ಟಲು ಕುಳಿತಿದ್ದೇನೆ. ಶೇಂಗಾ ಹೋಳಿಗೆ ಮಾಡಬೇಕೆಂದಿದೆ. ಗುಂಡಗೆ ಬಂದರೆ ನನ್ನ ಪುಣ್ಯ. ಬರದಿದ್ದರೆ ಯಾವ ಜಿಲ್ಲೆಯೆಂದು ನಾಳೆ ಸುನಂದಾ ಹೇಳಲಿ.