ಮೊಣಕಾಲಿಗೆಂದು ಕಾಯಿಸಿದ ಕುಡುಗೋಲು

ನಮ್ಮಪ್ಪ ಪ್ರೀತಿ ಬಂದರೂ ಹೊಡೆಯುತ್ತಿದ್ದ, ಸಿಟ್ಟು ಬಂದರೂ ಹೊಡೆಯುತ್ತಿದ್ದ. ಯಾವುದು ಯಾವುದೆಂದು ತಿಳಿಯಲು ಏಟಿನ ಭಾರವನ್ನೇ ನೋಡಬೇಕಿತ್ತು. ಹಗಲೆಲ್ಲ ಈರುಳ್ಳಿ ಹೊಲದಲ್ಲಿ ದುಡಿಯುವ ಅವನು ಬೆಳಗಿನ ಜಾವ ಅಜ್ಜಂಪುರದ ಗರಡಿಮನೆಯ ಉಸ್ತಾದ. ಬಸ್ಕಿ ಹೊಡೆಯುವಾಗ ಸೊಂಟ ಪೂರ್ತಿ ಇಳಿಯದಿದ್ದರೆ ಹುಣಸೆ ಬರಲಿನಿಂದ ತೊಡೆಗೆ ಬಾರಿಸುತ್ತಿದ್ದ. ಊರಿನ ಹುಡುಗರಿಗೆ ಒಂದು ಬಿದ್ದರೆ ನನಗೆ ಎರಡು. ಉಸ್ತಾದನ ಮಗನಾಗಿ ಹುಟ್ಟಿದ್ದಕ್ಕೆ ಅಷ್ಟು ಮರ್ಯಾದೆ.

ಐವತ್ತರ ದಶಕದ ಕೊನೆಯ ಒಂದು ವರ್ಷ ನಾನು ಇದ್ದಕ್ಕಿದ್ದಂತೆ ಉದ್ದವಾಗತೊಡಗಿದೆ. ಯುಗಾದಿಗೆ ಹೊಲಿಸಿದ ಚಡ್ಡಿ ದೀಪಾವಳಿಯ ಹೊತ್ತಿಗೆ ನಗೆಪಾಟಲಾಗಿತ್ತು. ಅವ್ವ ದೃಷ್ಟಿ ತೆಗೆದಳು, ಅಪ್ಪ ಹಿಗ್ಗಿಹೋದ. ಆದರೆ ಅದೇ ಸಮಯಕ್ಕೆ ಬಲ ಮೊಣಕಾಲಿನ ಚಿಪ್ಪಿನ ಕೆಳಗೆ ಅಡಿಕೆ ಗಾತ್ರದ ಒಂದು ಗಂಟು ಎದ್ದಿತು. ಮುಟ್ಟಿದರೆ ಜೀವ ಹೋಗುತ್ತಿತ್ತು. ನಡೆದರೆ ಅಷ್ಟಿಲ್ಲ, ಬಸ್ಕಿಗೆ ಕೂತು ಏಳುವಾಗ ಮಾತ್ರ ಯಾರೋ ಒಳಗಿನಿಂದ ನರ ಹಿಡಿದು ಕೀಳುತ್ತಿದ್ದಾರೆ ಎನ್ನಿಸುತ್ತಿತ್ತು.

"ಅಪ್ಪಾ, ಮಂಡಿ ನೋಯ್ತದೆ" ಎಂದೆ.

"ಮಂಡಿ ನೋಯಲ್ಲ ಕಣಲೇ, ಮೈಗಳ್ಳತನ ನೋಯ್ತದೆ" ಎಂದವನು ಆ ಗಂಟಿನ ಮೇಲೇ ಬರಲು ಬೀಸಿದ. ನಾನು ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಾಡಿದೆ. ಉಳಿದ ಹುಡುಗರು ಗೋಡೆ ನೋಡಿಕೊಂಡು ಬಸ್ಕಿ ಮುಂದುವರಿಸಿದರು. ಅವರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೊಲ್ಲಬೇಕೆಂದು ನನಗೆ ಅವತ್ತು ಅನ್ನಿಸಿತ್ತು. ಅಪ್ಪನನ್ನು ಕೊನೆಗೆ.

ಅಷ್ಟರಲ್ಲಿ ಕಡೂರಿನಲ್ಲಿ ಕುಸ್ತಿ ಗೊತ್ತಾಯಿತು. ನನಗೆ ಜೋಡಿಯಾಗಿ ಸಿಕ್ಕವನು ದೇವನೂರಿನ ಒಬ್ಬ ಹುಡುಗ, ನನ್ನಷ್ಟೇ ವಯಸ್ಸು, ನನಗಿಂತ ಗಿಡ್ಡ. ಸುಲಭವಾಗಿ ಕೆಡವುತ್ತೇನೆ ಎಂದುಕೊಂಡೆ. ಆದರೆ ಮೊದಲ ಪಟ್ಟಿಗೇ ಇಬ್ಬರೂ ಉರುಳಿದೆವು. ಅವನ ಮಂಡಿ, ಇಡೀ ಮೈಭಾರದೊಡನೆ, ನೇರ ನನ್ನ ಗಂಟಿನ ಮೇಲೆ ಬಿತ್ತು. ಕಣ್ಣು ಕತ್ತಲೆ ಬಂತು. ಮುಂದೆ ನಾನು ಮಾಡಿದ್ದು ಕುಸ್ತಿಯಲ್ಲ. ಅವನ ಭುಜಕ್ಕೆ ಬಾಯಿ ಹಾಕಿದೆ. ಬಾಯಲ್ಲಿ ಮಣ್ಣಿನ ಜೊತೆ ರಕ್ತದ ರುಚಿ ಬಂದರೂ ಬಿಡಲಿಲ್ಲ. ಯಾರೋ ದೊಡ್ಡವರು ನನ್ನ ಜುಟ್ಟು ಹಿಡಿದು ಎಳೆದು ಅಖಾಡದಿಂದ ಆಚೆ ಎಸೆದರು. "ನಾಯಿ ತಂದವ್ನೆ ಉಸ್ತಾದ!" ಎಂದು ಜನ ಕೂಗಿದರು.

ಅಪ್ಪ ನನ್ನ ರಟ್ಟೆ ಹಿಡಿದು ಜನರ ನಡುವಿನಿಂದ ಎಳೆದುಕೊಂಡು ಹೋದ. ಕಡೂರು ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಮೆಟ್ಟು ಕೈಗೆ ತೆಗೆದುಕೊಂಡ. ರೈಲು ಬರುವವರೆಗೂ ಹೊಡೆದ. ಟೀ ಮಾರುವವನು ಬಿಡಿಸಲು ಬಂದು ತಾನೂ ಒಂದು ತಿಂದು ವಾಪಸು ಹೋದ. ಬೀರೂರು ದಾಟುವವರೆಗೆ ನಾನು ರೈಲಿನ ಬಾಗಿಲ ಬಳಿ ಒಂಟಿ ಕಾಲಿನಲ್ಲಿ ನಿಂತಿದ್ದೆ. ಕೂರಲು ಮಂಡಿ ಮಡಿಸಬೇಕಲ್ಲ, ಅದು ಆಗುತ್ತಿರಲಿಲ್ಲ.

ಮನೆಗೆ ಬಂದಾಗ ಮಂಡಿ ಊದಿಕೊಂಡಿತ್ತು. ಅದನ್ನು ಕಂಡ ಮೇಲೆ ಅಪ್ಪನಿಗೆ ನಾನು ಸುಳ್ಳು ಹೇಳುತ್ತಿಲ್ಲ ಎಂಬುದು ಖಾತ್ರಿಯಾಯಿತು. ಹಾಗೆ ಖಾತ್ರಿಯಾದದ್ದೇ ನನ್ನ ಗ್ರಹಚಾರ.

"ಗಾಳಿ ಸೇರ್ಕೊಂಡದೆ ಕಣೇ" ಎಂದ ಅವ್ವನಿಗೆ. "ನಂಗೂ ಇವನ ವಯಸ್ಸಲ್ಲಿ ಹಿಂಗೇ ಆಗಿತ್ತು. ನಮ್ಮಪ್ಪ ಬರೆ ಹಾಕ್ದ, ಹೋಯ್ತು."

ನಮ್ಮ ಕಡೆ ಆಗ ಎಲ್ಲದಕ್ಕೂ ಬರೆಯೇ. ಕಾಮಾಲೆಗೆ ಬರೆ, ಕುಂಟುವ ಎತ್ತಿಗೆ ಬರೆ, ಹಾಲು ಕಕ್ಕುವ ಕೂಸಿಗೂ ಬರೆ. ಅಪ್ಪನ ಎರಡೂ ಮಂಡಿಗಳ ಮೇಲೆ ಸುಟ್ಟ ಗೆರೆಗಳಿದ್ದವು. ತಾನು ಪೈಲ್ವಾನನಾದದ್ದೇ ಅವುಗಳಿಂದ ಎಂದು ನಂಬಿದ್ದ ಅವನು ಬಸ್ಕಿ ಹೊಡೆಯುವ ಮೊದಲು ಅವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಮಾರನೆಯ ದಿನ ಸೋಮವಾರ. ಅವ್ವ ಪೂಜೆ ಮುಗಿಸಿ ಏಳುವಷ್ಟರಲ್ಲಿ ಅಪ್ಪ ಒಲೆಯಲ್ಲಿ ಕುಡುಗೋಲು ಇಟ್ಟಿದ್ದ. ಅದರ ತುದಿ ಕೆಂಪಗೆ ಕಾದಿತ್ತು. ನನ್ನನ್ನು ಕಂಬಕ್ಕೆ ಒರಗಿಸಿ, ಎಡ ತೊಡೆಯ ಮೇಲೆ ಕೂತು, ಬಲಗಾಲು ಚಾಚಿ ಹಿಡಿದ. ಅವನ ಮೈಯ ಕೆಳಗೆ ನಾನು ಒದ್ದೆ, ಉಗಿದೆ, ಬೈಯಬಾರದ ಬೈಗುಳ ಬೈದೆ. "ನಿನ್ನ ಗರಡಿ ಸುಟ್ಟೋಗ!" ಎಂದು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತಂತೆ.

"ಬಿಡ್ರೀ ಅವನ್ನ" ಎಂದಳು ಅವ್ವ.

"ನೀನು ಆಚೆ ಹೋಗೇ."

"ಬಿಡ್ರೀ ಅಂದೆ."

ಕುಡುಗೋಲು ನನ್ನ ಮಂಡಿಯ ಹತ್ತಿರ ಬಂತು. ಬಿಸಿ ತಾಗಿ ರೋಮ ಸುಟ್ಟ ವಾಸನೆ ಬಂತು. ಅಷ್ಟರಲ್ಲಿ ಅವ್ವ ಬಗ್ಗಿ, ಆ ಕೆಂಪು ತುದಿಯನ್ನು ಬರಿಗೈಯಲ್ಲಿ ಹಿಡಿದಳು. ಅಪ್ಪ ಎಳೆದ, ಅವಳು ಬಿಡಲಿಲ್ಲ. ಚರ್ಮ ಚರ್ ಎಂದದ್ದು ನನಗೆ ಇವತ್ತಿಗೂ ಒಗ್ಗರಣೆ ಹಾಕುವಾಗ ನೆನಪಾಗುತ್ತದೆ, ನಾನು ಎದ್ದು ಹೊರಗೆ ಹೋಗುತ್ತೇನೆ. ಅವಳು ಕೂಗಲೂ ಇಲ್ಲ. ಕೂಗಿದವನು ಅಪ್ಪ. ಕುಡುಗೋಲನ್ನು ಅಂಗಳಕ್ಕೆ ಎಸೆದು, ತಲೆ ತಲೆ ಚಚ್ಚಿಕೊಂಡು, ಅವಳ ಕೈಯನ್ನು ನೀರಿನ ಗುಡಾಣದೊಳಗೆ ಅದ್ದಿದ.

ತರೀಕೆರೆ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆವು. ಡಾಕ್ಟರು ಅವ್ವನ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಅವ್ವ, "ಇವನ ಕಾಲಿಗೆ ಬರಬೇಕಾಗಿತ್ತು ಸ್ವಾಮಿ, ನನ್ನ ಕೈಗೆ ಬಂತು" ಎಂದಳು. ಆಗ ಡಾಕ್ಟರು ನನ್ನತ್ತ ತಿರುಗಿ, ಗಂಟನ್ನು ಮೆಲ್ಲಗೆ ಒತ್ತಿ, ಕಾಲು ಚಾಚಿಸಿ ಮಡಿಸಿ ನೋಡಿದರು.

"ಇದೇನು ಗಾಳಿಯಲ್ಲ. ಹುಡುಗ ಬೆಳೀತಿದಾನೆ. ಮೂಳೆ ಬೇಗ ಬೇಗ ಉದ್ದ ಆಗ್ತಿದೆ, ತೊಡೆ ಸ್ನಾಯು ಅದರ ಜೊತೆ ಹೋಗೋಕಾಗದೆ ಜಗ್ತಿದೆ. ನೀವು ಅದರ ಮೇಲೆ ಬಸ್ಕಿ ಹೊಡೆಸ್ತೀರಿ."

"ಔಷಧಿ?" ಎಂದ ಅಪ್ಪ.

"ನೋವು ಇಳಿಯೋವರೆಗೆ ಬಸ್ಕಿ, ಓಟ, ನೆಗೆತ ಇಲ್ಲ. ಮಂಡಿ ಊರೋದು ಬೇಡ. ನಡೀಲಿ, ತೊಂದರೆ ಇಲ್ಲ. ನೋವು ಬಂದಾಗ ತಣ್ಣೀರು ಬಟ್ಟೆ. ಆಮೇಲೆ ತೊಡೆ ಸಡಿಲ ಮಾಡ್ಕೊಂಡು ನಿಧಾನಕ್ಕೆ ಶುರು ಮಾಡ್ಲಿ."

"ಒಂದು ಇಂಜೆಕ್ಷನ್ನೂ ಇಲ್ವಾ? ಸುಮ್ನೆ ಕೂತ್ಕೊ ಅನ್ನೋಕೆ ಡಾಕ್ಟ್ರು ಬೇಕಾ?" ಅಪ್ಪ ಮೇಜು ಗುದ್ದಿದ. "ನನ್ನ ನೋವು ಬರೆಯಿಂದ್ಲೇ ಹೋಗಿದ್ದು!"

"ಬರೆ ಹಾಕಿದ ಮೇಲೆ ಎಷ್ಟು ದಿನಕ್ಕೆ ಹೋಯ್ತು?"

ಅಪ್ಪ ಯೋಚಿಸಿದ. "ಎರಡು ವರ್ಷ ಆಗಿರ್ಬೇಕು."

ಡಾಕ್ಟರು ನಗಲಿಲ್ಲ. "ಅಷ್ಟೊತ್ತಿಗೆ ನೀವು ಬೆಳೆದು ಮುಗಿದಿತ್ತು ಕಣ್ರೀ. ಸುಡದಿದ್ದರೂ ಹೋಗ್ತಿತ್ತು" ಎಂದರು. ಅಪ್ಪ ತನ್ನ ಮಂಡಿ ನೋಡಿಕೊಂಡ, ಪಂಚೆಯನ್ನು ಕೆಳಗೆಳೆದುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿದವನು ಅಜ್ಜಂಪುರ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಅವ್ವನ ಬಲಗೈ ಮತ್ತೆ ಪೂರ್ತಿ ಮುಚ್ಚಲಿಲ್ಲ. ಹಿಟ್ಟಿನ ಕೋಲು ಹಿಡಿಯಲಾಗದ ಅವಳ ಬದಲು ಅಪ್ಪನೇ ಮುದ್ದೆ ತೊಳಸುತ್ತಿದ್ದ. ಅವಳು ಪಕ್ಕದಲ್ಲಿ ಕೂತು, "ಇನ್ನೂ ತಿರುವ್ರಿ, ಪೈಲ್ವಾನರ ಶಕ್ತಿ ಇಷ್ಟೇನಾ?" ಎಂದು ಬೈಯುತ್ತಿದ್ದಳು. ನನ್ನ ಮಂಡಿಗೆ ತಣ್ಣೀರು ಬಟ್ಟೆ ಹಾಕುವವನೂ ಅವನೇ. ನಾನು ಮುಖ ತಿರುಗಿಸಿಕೊಂಡು ಕಾಲು ಕೊಡುತ್ತಿದ್ದೆ. ಅವನನ್ನು ದ್ವೇಷಿಸುತ್ತಿದ್ದೆ, ಅದನ್ನು ಮುಚ್ಚಿಡುವುದೇನಿದೆ?

ಮುಂದಿನ ಸುಗ್ಗಿಯ ಹೊತ್ತಿಗೆ ನೋವು ಇಳಿದು, ಬಸ್ಕಿ ಶುರುವಾಯಿತು. ಅಪ್ಪನ ಕೈಯಲ್ಲಿ ಈಗ ಹುಣಸೆ ಬರಲು ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದ. ಹುಬ್ಬು ಗಂಟಿಕ್ಕಿದರೆ ಸಾಕು, "ಸಾಕು ಕೂತ್ಕೊಳೋ" ಎನ್ನುತ್ತಿದ್ದ.

ಅರವತ್ತರ ದಶಕ ಶುರುವಾದ ಮೇಲೆ ಕಡೂರಿನಲ್ಲೇ, ಅದೇ ದೇವನೂರಿನ ಹುಡುಗನನ್ನು ಚಿತ್ ಮಾಡಿದೆ. ಅವನ ಭುಜದ ಮೇಲೆ ನನ್ನ ಹಲ್ಲಿನ ಗುರುತು ಇನ್ನೂ ಇತ್ತು. ಜನ ಕೇಕೆ ಹಾಕುತ್ತಿದ್ದರು. ಅಪ್ಪ ಹಗ್ಗ ಹಾರಿ ಅಖಾಡದೊಳಗೆ ಓಡಿ ಬಂದ. ಕಣ್ಣಲ್ಲಿ ನೀರು. ಭೇಷ್ ಎಂದು ನನ್ನ ಬೆನ್ನು ತಟ್ಟಲು ಬಲಗೈ ಎತ್ತಿದ.

ನಾನು ಆ ಕೈ ನೋಡಿದ್ದೇ ಕೆಳಗೆ ಕುಸಿದು, ಎರಡೂ ಕೈಯಿಂದ ಬಲ ಮಂಡಿಯನ್ನು ಮುಚ್ಚಿಕೊಂಡೆ.

ಅಪ್ಪನ ಕೈ ಎತ್ತಿದಲ್ಲೇ ನಿಂತಿತು. ಆಮೇಲೆ ಅದನ್ನು ಇಳಿಸಿ, ನನ್ನ ಟವೆಲು ಎತ್ತಿಕೊಂಡು, "ನಡಿ, ರೈಲಿಗೆ ಹೊತ್ತಾಯ್ತು" ಎಂದ.